ರಾಮಗಿರಿಯಲ್ಲಿ ಇಳಿದವರು

ಜೂನ್ ಬಂತೆಂದರೆ ಚಿತ್ರದುರ್ಗದ ಗುಡ್ಡಸಾಲಿನ ಗಾಳಿಯಂತ್ರಗಳೆಲ್ಲ ಪಡುವಣಕ್ಕೆ ಮುಖ ತಿರುಗಿಸಿ ನಿಲ್ಲುತ್ತವೆ. ಆಗಸ್ಟ್ ಕಳೆಯುವವರೆಗೂ ಅವುಗಳ ಮುಖ ಹೆಚ್ಚುಕಡಿಮೆ ಅತ್ತಲೇ. ದುರ್ಗದಿಂದ ಹೊಳಲ್ಕೆರೆ ಇರುವುದು ನೈರುತ್ಯಕ್ಕೆ. ಮುಂಗಾರಿನ ಗಾಳಿ ಬರುವುದೂ ಆ ಕಡೆಯಿಂದಲೇ. ಹೀಗಾಗಿ ಆಷಾಢದಲ್ಲಿ ಈ ದಾರಿಗೆ ಸೈಕಲ್ ಇಳಿಸುವವರು ಹವಾಮಾನ ವರದಿ ನೋಡಬೇಕಾದ್ದಿಲ್ಲ, ತಲೆಯೆತ್ತಿ ಗುಡ್ಡ ನೋಡಿದರೆ ಸಾಕು. ರೆಕ್ಕೆಗಳು ಬಿಡುವಿಲ್ಲದೆ ತಿರುಗುತ್ತಿದ್ದರೆ ಅವತ್ತಿನ ಸವಾರಿ ನಡುದಾರಿಯಲ್ಲೇ ಮುಗಿಯುವ ಲಕ್ಷಣ.

ಎದುರುಗಾಳಿಯ ಲೆಕ್ಕ ಬಲು ನಿರ್ದಯವಾದದ್ದು. ಗಾಳಿ ಒಡ್ಡುವ ತಡೆ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಆರಾಮಾಗಿ ಹೊರಟವನಿಗೆ ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಸಿಕ್ಕಿತು ಎನ್ನಿ. ಅವನ ಎದೆಗೆ ಬಡಿಯುವುದು 35 ಕಿ.ಮೀ.ನ ಗಾಳಿ, ತಡೆ ಮಾತ್ರ ನಿಂತ ಗಾಳಿಯಲ್ಲಿದ್ದುದರ ಐದು ಪಟ್ಟಿಗಿಂತ ಜಾಸ್ತಿ. ಏರಾದರೆ ಒಂದು ಕಡೆ ಮುಗಿಯುತ್ತದೆ, ಆಚೆಗೆ ಇಳಿಜಾರಾದರೂ ಇರುತ್ತದೆ. ಗಾಳಿಗೆ ಆ ಕರುಣೆಯಿಲ್ಲ. ಹೊಳಲ್ಕೆರೆ ಮುಟ್ಟುವಷ್ಟರಲ್ಲಿ, ಮೂವತ್ತು ಚಿಲ್ಲರೆ ಕಿಲೋಮೀಟರಿಗೇ, ತೊಡೆಗಳು ಸೋತು ನೀರಿನ ಬಾಟಲಿ ಬರಿದಾಗಿ, ಊರಿನ ಬಯಲು ಗಣಪತಿಯ ಮುಂದೆ ಕೈಮುಗಿದು ಕೂತವರು ಮತ್ತೆ ಏಳಬೇಕೋ ಬೇಡವೋ ಎಂದು ಯೋಚಿಸತೊಡಗುತ್ತಾರೆ. ಆ ಗಣಪತಿಗೂ ತಲೆಯ ಮೇಲೆ ಚಾವಣಿಯಿಲ್ಲ. ಬಿಸಿಲು ಗಾಳಿ ಎರಡರ ಪರಿಚಯವೂ ಅವನಿಗಿದೆ.

ಎದ್ದವರಿಗೆ ಮುಂದಿನ ದಾರಿ ರಾಮಗಿರಿಯದು. ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಕರಿಸಿದ್ದೇಶ್ವರನ ಗುಡಿ ಹೊತ್ತ ಬೆಟ್ಟ, ಬೆಟ್ಟದ ಸೀಮೆಯಲ್ಲಿ ತೆಂಗು, ಅಡಿಕೆ, ಬೀಳು ಹೊಲ, ಮತ್ತೆ ತೆಂಗು. ಜೊತೆಗೊಂದು ರೈಲು ನಿಲ್ದಾಣ. ದುರ್ಗದಿಂದ ಹೊಳಲ್ಕೆರೆ, ರಾಮಗಿರಿ, ಹೊಸದುರ್ಗ, ವಾಣಿವಿಲಾಸ ಸಾಗರ, ಹಿರಿಯೂರು, ಅಲ್ಲಿಂದ ವಾಪಸ್ ದುರ್ಗ: ಹೀಗೊಂದು ಸುತ್ತು ಹಾಕಿದರೆ 150 ಕಿಲೋಮೀಟರು ದಾಟುತ್ತದೆ. ನಕ್ಷೆಯಲ್ಲಿ ಅಂದವಾದ ಸುತ್ತು. ಹೊಸ ಸೈಕಲ್ ಕೊಂಡ ಉತ್ಸಾಹಿಗಳ ಬೆರಳು ಶನಿವಾರ ರಾತ್ರಿ ಇಂಥ ಸುತ್ತುಗಳ ಮೇಲೇ ಓಡಾಡುವುದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅದೇ ಉತ್ಸಾಹಿ ರಾಮಗಿರಿಯಂಥ ಊರಿನ ಚಹಾದಂಗಡಿಯ ಬೆಂಚಿನ ಮೇಲೆ ಶೂ ಬಿಚ್ಚಿ ಕೂತು, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿರುತ್ತಾನೆ.

ಸೈಕಲ್ ಪ್ರವಾಸದ ಕಥನಗಳಲ್ಲಿ ಈ ಬೆಂಚಿಗೆ ಜಾಗ ಸಿಕ್ಕಿದ್ದು ಕಡಿಮೆ. ಮುಟ್ಟಿದವರೇ ಬರೆಯುತ್ತಾರೆ, ಮುಟ್ಟದವರು ಮನೆಗೆ ಹೋಗುತ್ತಾರೆ. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಮೇಲೆ ಲೋಕ ಸುತ್ತಲು ಹೊರಟರು. 1928ರ ಮಾರ್ಚ್‌ನಲ್ಲಿ ಸುತ್ತು ಮುಗಿಸಿ ಊರು ತಲುಪಿದವರು ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗಾರಾ ಎಂಬ ಮೂವರು. ಅವರು ಬರೆದ ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಬರೆದರು. ಉಳಿದ ಮೂವರಲ್ಲಿ ನಾರಿಮನ್ ಕಪಾಡಿಯಾ ಟೆಹರಾನಿನವರೆಗೆ ಹೋಗಿ ಹಿಂತಿರುಗಿದರು. ಗುಸ್ತಾದ್ ಹಾಥಿರಾಂ, ಕೇಕಿ ಪೋಚ್‌ಖಾನಾವಾಲಾ ಅಮೆರಿಕ ತಲುಪಿದ ಮೇಲೆ ತಂಡ ಬಿಟ್ಟರು. ಆ ಕಾಲದ ರಸ್ತೆಗಳಲ್ಲಿ ಮುಂಬಯಿಯಿಂದ ಟೆಹರಾನಿಗೆ ಸೈಕಲ್ ತುಳಿದವನನ್ನು ಸೋತವನೆನ್ನಲು ಯಾರಿಗೆ ಬಾಯಿ ಬಂದೀತು? ಆದರೂ ಹೆಸರು ಉಳಿದದ್ದು ಹೆಚ್ಚಾಗಿ ಮುಗಿಸಿದವರದೇ.

ಈಗಿನ ದೂರಸವಾರಿಯ ಪಂಗಡದಲ್ಲಿ ಇದಕ್ಕೆ ಮೂರಕ್ಷರದ ಮುದ್ರೆಯೇ ಇದೆ: ಡಿಎನ್‌ಎಫ್. ಹೊರಟ, ಮುಗಿಸಲಿಲ್ಲ. ಫ್ರಾನ್ಸಿನ ಸಂಸ್ಥೆಯೊಂದರ ನಿಯಮದಂತೆ ಜಗತ್ತಿನಾದ್ಯಂತ ನಡೆಯುವ ‘ಬ್ರೆವೆ’ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ.; ಹೋಗಿ ಬಂದರೆ ಹೆಚ್ಚುಕಡಿಮೆ 400ರ ಸವಾರಿ. ಗಡುವು ದಾಟಿ ಒಂದು ನಿಮಿಷ ತಡವಾದರೂ ಮೂರಕ್ಷರವೇ ಗತಿ. ಈ ಆಟದ ಕಾಶಿಯೆನಿಸಿದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1200 ಕಿ.ಮೀ.ನದು, 90 ಗಂಟೆಯ ಗಡುವಿನದು. 2019ರಲ್ಲಿ ಭಾರತದಿಂದ ಮುನ್ನೂರಕ್ಕೂ ಹೆಚ್ಚು ಮಂದಿ ಅಲ್ಲಿಗೆ ಹೋಗಿದ್ದರು. ಎದುರುಗಾಳಿ, ರಾತ್ರಿಯ ಕೊರೆಯುವ ಚಳಿ. ಬಹುಪಾಲು ಭಾರತೀಯರು ಗಡುವಿನೊಳಗೆ ಮುಗಿಸಲಾಗಲಿಲ್ಲ. ವರ್ಷಗಟ್ಟಲೆ ತಯಾರಾದವರ ಪಾಡೇ ಹೀಗಿದ್ದಾಗ, ಭಾನುವಾರದ ಸವಾರ ರಾಮಗಿರಿಯಲ್ಲಿ ಇಳಿದದ್ದಕ್ಕೆ ನಾಚಬೇಕಾದ್ದೇನಿದೆ?

ನಾಚಿಕೆಗೆ ಕಾರಣ ಬೇರೆ ಇದೆ, ಅದು ನಮ್ಮೂರುಗಳದ್ದೇ. ಮೂವತ್ತು ನಲವತ್ತು ವರ್ಷದ ಹಿಂದೆ ಹಳ್ಳಿಹಳ್ಳಿಗೂ ಸೈಕಲ್ ಸವಾರಿಯ ತಂಡಗಳು ಬರುತ್ತಿದ್ದವು. ಶಾಲೆಯ ಬಯಲಿನಲ್ಲಿ ಕಂಬ ನೆಟ್ಟು ಮೈಕು ಕಟ್ಟಿ, ಒಬ್ಬಾತ ಹಗಲೂ ರಾತ್ರಿಯೂ ಸೈಕಲ್ಲಿಂದ ಇಳಿಯದೆ ಸುತ್ತು ಹಾಕುತ್ತಿದ್ದ. ಸ್ನಾನ, ಊಟ, ಬಟ್ಟೆ ಬದಲಿಸುವುದು ಎಲ್ಲ ಸೈಕಲ್ ಮೇಲೆಯೇ. ಸಂಜೆಗೆ ರೆಕಾರ್ಡ್ ಡ್ಯಾನ್ಸು, ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಯುವುದು. ಮೆಚ್ಚಿದವರು ಅಂಗಿಗೆ ನೋಟು ಚುಚ್ಚುತ್ತಿದ್ದರು. ಕಾಲು ನೆಲಕ್ಕೆ ತಾಗಿತೋ, ಆಟ ಮುಗಿಯಿತು. ಅದನ್ನು ಕಂಡು ಬೆಳೆದವರಿಗೆ ಸೈಕಲ್ ಸವಾರನೆಂದರೆ ಇಳಿಯದವನು. ಹೆಲ್ಮೆಟ್ಟು, ಬಿಗಿ ಚಡ್ಡಿ, ಐವತ್ತು ಸಾವಿರದ ಸೈಕಲ್ಲು ಇಟ್ಟುಕೊಂಡೂ ಬಸ್ಸಿಗೆ ಕಾಯುವವನನ್ನು ಕಂಡರೆ ಅವರು ನಗದೆ ಇರುತ್ತಾರೆಯೇ?

“ಬೈಕಿಲ್ವಾ ಸ್ವಾಮಿ?” ಎಂಬುದು ಈ ಸೀಮೆಯ ಮೊದಲ ಪ್ರಶ್ನೆ. “ಎಷ್ಟ್ ಕೊಟ್ರಿ ಇದಕ್ಕೆ?” ಎರಡನೆಯದು. ಉತ್ತರ ಕೇಳಿದ ಮೇಲೆ ಮೊದಲ ಪ್ರಶ್ನೆ ಇನ್ನೊಮ್ಮೆ ಬರುತ್ತದೆ, ಈ ಸಲ ನಿಜವಾದ ಕನಿಕರದಿಂದ. ಸೈಕಲ್ಲೆಂದರೆ ಇಲ್ಲಿ ಬಹುಕಾಲ ಅಗತ್ಯದ ವಸ್ತುವಾಗಿತ್ತು. ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆಯ ಲೆಕ್ಕಕ್ಕೆ ತಂದು, ಸೀಟು ಎಟುಕದೆ ಒಳಪೆಡಲು ತುಳಿದು ಕಲಿತ ತಲೆಮಾರು ಈಗಿನ ಅಜ್ಜಂದಿರದು. 2006–07ರಿಂದ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಹಳ್ಳಿ ರಸ್ತೆಗಳ ತುಂಬ ಜಡೆ ಹಾಕಿದ ಹುಡುಗಿಯರ ಸಾಲು ಕಾಣುತ್ತಿತ್ತು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ಮೋಜಿಗೆ ಸೈಕಲ್ ತುಳಿಯುವ ಪಟ್ಟಣದವರ ಸಂಖ್ಯೆ ಏರಿದ್ದೂ, ಶಾಲೆಗೆ ಸೈಕಲ್ ತುಳಿಯುವ ಮಕ್ಕಳ ಸಾಲು ತೆಳುವಾದದ್ದೂ ಒಂದೇ ಕಾಲದಲ್ಲಿ. ಇದರಲ್ಲಿ ನಷ್ಟ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸವಾರಿ ನಿಲ್ಲಿಸುವ ಕಾರಣಗಳಲ್ಲಿ ಗಾಳಿಯದು ದೊಡ್ಡ ಹೆಸರು. ಹೆಚ್ಚು ಕೆಲಸ ಮಾಡುವುದು ಮಾತ್ರ ಮುಳ್ಳು. ಬಯಲುಸೀಮೆಯಲ್ಲಿ ಮುಳ್ಳಿಗೇನು ಬರ? ಕೆರೆಯಂಗಳ, ಗೋಮಾಳ, ರಸ್ತೆಯ ಅಂಚು ಎಲ್ಲೆಲ್ಲೂ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಹೆಸರಿನಲ್ಲಿ ಮಾತ್ರ ಪಕ್ಕದ ಜಿಲ್ಲೆಯದಾಗಿದೆ. ಇದರ ಒಣ ಮುಳ್ಳು ದಪ್ಪ ಟೈರನ್ನೂ ದಾಟುತ್ತದೆ. ಅದಕ್ಕಿಂತ ಕಳ್ಳ ನೆಗ್ಗಿಲು ಮುಳ್ಳು. ನೆಲಕ್ಕಂಟಿ ಹರಡಿ, ಹಳದಿ ಹೂವು ಬಿಟ್ಟು, ಮಣ್ಣಿನ ಬಣ್ಣದ ಕಾಯಿ ಉದುರಿಸುತ್ತದೆ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ. ಎಳನೀರು ಕುಡಿಯಲೆಂದು ಡಾಂಬರಿನಿಂದ ಎರಡು ಮಾರು ಪಕ್ಕಕ್ಕೆ ಸೈಕಲ್ ಇಳಿಸಿದರೆ ಸಾಕು, ಹಿಂದಿನ ಚಕ್ರ ಮುಂದಿನ ಚಕ್ರ ಎರಡರ ಗಾಳಿಯೂ ಒಟ್ಟಿಗೆ ಹೋಗುತ್ತದೆ. ಒಂದೇ ಟ್ಯೂಬು ಹೊತ್ತು ಬಂದವರು ಅಲ್ಲಿಗೆ ಪಾದಚಾರಿಗಳು.

ಪಂಚರ್ ಅಂಗಡಿಗಳಿಗೇನೂ ಕೊರತೆಯಿಲ್ಲ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಗುರುತಿಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸುವ ಕೆಲಸ ಅಲ್ಲಿಯವರಿಗೆ ಕಣ್ಣುಮುಚ್ಚಿ ಬರುತ್ತದೆ. ತೊಡಕು ಆಮೇಲಿನದು. ದುಬಾರಿ ಸೈಕಲ್ಲುಗಳಿಗಿರುವುದು ಸಪೂರ ಪ್ರೆಸ್ಟಾ ವಾಲ್ವು. ಅಂಗಡಿಯ ಕಂಪ್ರೆಸರ್ ಕೊಳವೆ ಮೋಟರ್‌ಸೈಕಲ್ಲಿನ ವಾಲ್ವಿಗೆ ಹೊಂದುವಂಥದ್ದು. ನಡುವೆ ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಇಲ್ಲದಿದ್ದರೆ ಇಬ್ಬರೂ ಮುಖಮುಖ ನೋಡಿಕೊಂಡು ನಿಲ್ಲಬೇಕು. ಅಪ್ಪನ ಕಾಲದ ಹರ್ಕ್ಯುಲಿಸ್ಸಿಗೆ ಈ ಪಾಡಿರಲಿಲ್ಲ. ಊರಿನ ಯಾವ ಪಂಪಾದರೂ ಅದಕ್ಕಾಗುತ್ತಿತ್ತು.

ಕಾರ್ತಿಕ ಕಳೆದು ಗಾಳಿ ತಗ್ಗಿದಾಗ ಇನ್ನೊಂದು ಬಗೆಯ ತಡೆ. ಸುಗ್ಗಿ ಶುರುವಾದರೆ ಹುರುಳಿ, ರಾಗಿ ಎಲ್ಲ ಕಣಕ್ಕೆ ಹೋಗುವ ಬದಲು ರಸ್ತೆಗೆ ಬರುತ್ತವೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಚಕ್ರಕ್ಕೆ ಒಕ್ಕಣೆಯ ಕೆಲಸ ವಹಿಸಿ ರೈತರು ಪಕ್ಕದಲ್ಲಿ ಕುಳಿತಿರುತ್ತಾರೆ. ಕಾನೂನು ಒಪ್ಪದು, ಪೊಲೀಸರು ಪ್ರತಿವರ್ಷ ಎಚ್ಚರಿಸುತ್ತಾರೆ, ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ ಎಂಬ ರೈತರ ಮಾತೂ ಸುಳ್ಳಲ್ಲ. ಒಣಗಿದ ಹುರುಳಿ ಬಳ್ಳಿಯ ಹಾಸಿನ ಮೇಲೆ ಲಾರಿ ಸಲೀಸಾಗಿ ಹೋಗುತ್ತದೆ. ಸೈಕಲ್ಲಿನ ಹಿಂಚಕ್ರಕ್ಕೆ ಮಾತ್ರ ಅದು ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು, ಚೈನಿಗೆ ನುಗ್ಗಿ, ಗೇರು ಬದಲಿಸುವ ಹಲ್ಲುಗಾಲಿಗಳ ಸಂದಿಯಲ್ಲಿ ಸಿಕ್ಕಿಬೀಳುತ್ತದೆ. ಬಲವಂತವಾಗಿ ತುಳಿದರೆ ಗೇರಿನ ತೋಳೇ ಮುರಿದುಹೋಗುವುದುಂಟು. ಆಗ ರಾಮಗಿರಿಯೂ ದೂರವೇ.

ಮಳೆಗಾಲದಲ್ಲಿ ಹಿರಿಯೂರು ಕಡೆಯ ಎರೆ ಮಣ್ಣು ಈ ಕೆಲಸ ಮಾಡುತ್ತದೆ. ಬಬ್ಬೂರು ಫಾರಂ ಸುತ್ತಿನ ಆಳವಾದ ಕಪ್ಪು ನೆಲದಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಸೈಕಲ್ ತಿರುಗಿಸಿದವರು ಅದನ್ನು ಹೆಗಲ ಮೇಲೆ ಹೊತ್ತು ತಂದ ಕಥೆಯನ್ನೇ ಹೇಳುತ್ತಾರೆ.

ಇಷ್ಟೆಲ್ಲ ಅಡ್ಡಿ ಇರುವ ಸೀಮೆಯಲ್ಲಿ ಪೂರ್ತಿ ಸುತ್ತು ಮುಗಿಸಲೇಬೇಕೆಂಬ ಹಟಕ್ಕೆ ಅರ್ಥವಿಲ್ಲ. ಮುಗಿಸುವ ಅವಸರದವರು ಏನೇನು ನೋಡದೆ ಹೋಗುತ್ತಾರೆಂಬುದಕ್ಕೆ ರಾಮಗಿರಿ ಬೆಟ್ಟವೇ ಸಾಕ್ಷಿ. ಸೈಕಲ್ ಕೆಳಗೆ ನಿಲ್ಲಿಸಿ ಮೇಲಕ್ಕೆ ನಡೆಯಲು ಗಡುವಿನವರಿಗೆ ಪುರುಸೊತ್ತಿಲ್ಲ. ಸವಾರಿ ಕೈಬಿಟ್ಟವರಿಗೆ ಮಧ್ಯಾಹ್ನವಿಡೀ ಇದೆ. ಕರಿಸಿದ್ದೇಶ್ವರನ ಸನ್ನಿಧಿಯಿಂದ ಕೆಳಗೆ ನೋಡಿದರೆ ತಾವು ತುಳಿದು ಬಂದ ರಸ್ತೆ, ತೋಟಗಳ ಹಸಿರು, ದೂರದ ಗುಡ್ಡಗಳ ಗಾಳಿಯಂತ್ರಗಳು ಎಲ್ಲ ಬಿಡಿಸಿಟ್ಟಂತೆ ಕಾಣುತ್ತವೆ. ನವೆಂಬರಿನಲ್ಲಿ ಬಂದವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೇ ಸವಾರಿ ನಿಲ್ಲಿಸಿದರೆ ನಾಟಕೋತ್ಸವವಿರುತ್ತದೆ. 1997ರಿಂದ ಊರೂರು ಸುತ್ತುತ್ತಿರುವ ಶಿವಸಂಚಾರ ತಂಡದ ತವರು ಅದು. ರಾತ್ರಿ ಬಯಲು ರಂಗಮಂದಿರದಲ್ಲಿ ನಾಟಕ ನೋಡಿದವನು ಮರುದಿನ ‘ಎಷ್ಟು ಕಿಲೋಮೀಟರ್ ಆಯ್ತು’ ಎಂಬ ಪ್ರಶ್ನೆಗೆ ತಡವರಿಸಿದರೆ ಅಡ್ಡಿಯಿಲ್ಲ.

ಹಾಗೆಂದು ನಿಂತವರಿಗೆ ನಷ್ಟವೇ ಇಲ್ಲವೆನ್ನುವುದೂ ಸುಳ್ಳು. ರಾಮಗಿರಿಯಲ್ಲಿ ಇಳಿದವರು ಕಳೆದುಕೊಳ್ಳುವುದು ಮಾರಿಕಣಿವೆಯನ್ನು. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿದ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗಿ, ಕಡೂರು ಹೊಸದುರ್ಗ ದಾಟಿ, ಎರಡು ಗುಡ್ಡಗಳ ಸಂದಿಯಲ್ಲಿ ನುಗ್ಗುವ ಜಾಗ ಅದು. ಅಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರು ಪಡೆಯಿತು. ಪೂರ್ತಿ ಮಟ್ಟ 130 ಅಡಿ, ಸಂಗ್ರಹ 30 ಟಿಎಂಸಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿ ಹರಿಯಲು 2022ರ ಸೆಪ್ಟೆಂಬರ್ ಬರಬೇಕಾಯಿತು: 89 ವರ್ಷ. ತೇರಿಗೆ ಸೇರಿದಷ್ಟು ಜನ ಕೋಡಿ ನೋಡಲು ಸೇರಿದರು. ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟಗಳಿಗೆ ನುಗ್ಗಿದಾಗ ಅಲ್ಲಿಯ ರೈತರು ಪಟ್ಟ ಪಾಡೂ ಅದೇ ಸಂಭ್ರಮದ ಇನ್ನೊಂದು ಮಗ್ಗುಲು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿತು. ಒಂದು ಕೆರೆ ತುಂಬಲು 89 ವರ್ಷ ಕಾದ ನಾಡಿನಲ್ಲಿ ಒಂದು ಸುತ್ತು ಮುಗಿಯಲು ಎರಡು ಮೂರು ಭಾನುವಾರ ಹಿಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತಮಾಷೆಯೆಂದರೆ, ಮುಂಗಾರಿನ ದಿನಗಳಲ್ಲಿ ರಾಮಗಿರಿಯಲ್ಲಿ ಸೋತು ಇಳಿಯುವವರು ಕಷ್ಟದ ಪಾಲನ್ನೆಲ್ಲ ಮುಗಿಸಿ, ಸುಖ ಶುರುವಾಗುವ ಹೊತ್ತಿಗೆ ಇಳಿಯುತ್ತಾರೆ. ಹೊಸದುರ್ಗದಿಂದ ಮಾರಿಕಣಿವೆ, ಹಿರಿಯೂರುಗಳ ಕಡೆಗೆ ದಾರಿ ಪೂರ್ವಕ್ಕೆ ತಿರುಗುತ್ತದೆ. ಎದೆಗೆ ಬಡಿಯುತ್ತಿದ್ದ ಗಾಳಿ ಬೆನ್ನಿಗೆ ಬರುತ್ತದೆ. ಅದಕ್ಕೇ ಈ ಸುತ್ತನ್ನು ತಿರುಗುಮುರುಗು ಮಾಡುವುದು ಜಾಣತನ. ನಸುಕಿನಲ್ಲಿ ಗಾಳಿ ಏಳುವ ಮುಂಚೆ ದುರ್ಗದಿಂದ ಹಿರಿಯೂರಿಗೆ ಹೋಗಿ, ಮಾರಿಕಣಿವೆ ನೋಡಿ, ಹೊಸದುರ್ಗದ ಎದುರುಗಾಳಿಯನ್ನು ಇನ್ನೂ ಕಾಲಲ್ಲಿ ಕಸುವಿರುವಾಗಲೇ ಎದುರಿಸಬೇಕು. ಆಮೇಲೆ ರಾಮಗಿರಿ ದಾಟಿ ಹೊಳಲ್ಕೆರೆಯಿಂದ ದುರ್ಗದವರೆಗೆ ಅದೇ ನೈರುತ್ಯದ ಗಾಳಿ ಬೆನ್ನು ನೂಕುತ್ತದೆ. ಹಿರಿಯೂರು–ದುರ್ಗ ನಡುವಿನ ನಲವತ್ತರ ಆಸುಪಾಸಿನ ಕಿಲೋಮೀಟರು ಮಾತ್ರ ರಾಷ್ಟ್ರೀಯ ಹೆದ್ದಾರಿಯದು. ಲಾರಿಗಳ ಹಾವಳಿ ಕಡಿಮೆಯಿರುವ ಹೊತ್ತು ನೋಡಿ ಹೋಗುವುದು ಕ್ಷೇಮ, ಸಾಧ್ಯವಾದರೆ ಸರ್ವಿಸ್ ರಸ್ತೆ ಹಿಡಿಯುವುದು ಇನ್ನೂ ಕ್ಷೇಮ.

ಇಷ್ಟಾದರೂ ನಡುವೆ ನಿಲ್ಲಬೇಕಾಗಿ ಬಂದರೆ ಉಪಾಯವೇನು? ಬಸ್ಸು ಒಂದು. ಟಾಪಿನ ಮೇಲೆ ಕ್ಯಾರಿಯರ್ ಇರುವ ಖಾಸಗಿ ಬಸ್ಸಾದರೆ ಸೈಕಲ್ಲಿಗೂ ಲಗೇಜು ಕೊಟ್ಟು ಮೇಲೆ ಹಾಕಿಸಬಹುದು. ಕಾಯಿ ಇಳಿಸಿ ಖಾಲಿ ಮರಳುವ ಟಾಟಾ ಏಸ್ ಸಿಕ್ಕರೆ ಅದೃಷ್ಟ. ಇನ್ನೊಂದು ರೈಲು. ಬೆಂಗಳೂರಿನಿಂದ ಹರಿಹರಕ್ಕೆ 1889ರಲ್ಲಿ ಪೂರ್ಣಗೊಂಡ ಹಳೆಯ ಮಾರ್ಗ ಬೀರೂರು, ಅಜ್ಜಂಪುರ, ಹೊಸದುರ್ಗ ರೋಡ್, ರಾಮಗಿರಿ, ಹೊಳಲ್ಕೆರೆ, ಚಿಕ್ಕಜಾಜೂರು ಹಾಯ್ದು ಹೋಗುತ್ತದೆ. ದುರ್ಗಕ್ಕೆ ಮರಳುವವರು ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಬೇಕು. ಹೊಸದುರ್ಗ ರೋಡ್ ಎಂಬ ಹೆಸರು ನಂಬಿ ಹೊಸದುರ್ಗ ಪಟ್ಟಣದಲ್ಲಿ ಕೂತವರಿಗೆ ರೈಲು ಸಿಗುವುದಿಲ್ಲ. ನಿಲ್ದಾಣ ಊರಿನಿಂದ ಬಹಳ ದೂರ. ಸುಸ್ತಾದ ಸವಾರನಿಗೆ ಅದೇ ಇನ್ನೊಂದು ಸವಾರಿ.

ರೈಲಿನಲ್ಲಿ ಸೈಕಲ್ ಒಯ್ಯಲು ಬ್ರೇಕ್‌ವ್ಯಾನಿಗೆ ಬುಕ್ ಮಾಡುವ ಕ್ರಮವಿದೆ. ಒಂದೆರಡು ನಿಮಿಷವಷ್ಟೇ ಗಾಡಿ ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಅದು ಹೇಳುವಷ್ಟು ಸುಲಭವಲ್ಲ. ಪ್ಯಾಸೆಂಜರ್ ಗಾಡಿಗಳ ಒಂದು ಬೋಗಿಯ ಮೂಲೆಯಲ್ಲಿ ನಾಲ್ಕು ಸೈಕಲ್ ನಿಲ್ಲಿಸಲು ಜಾಗ ಬಿಟ್ಟು, ಟಿಕೆಟಿನ ಜೊತೆಗೇ ಸಣ್ಣ ಶುಲ್ಕ ಪಡೆದರೆ ಮೋಜಿನ ಸವಾರರಿಗಿಂತ ಹೆಚ್ಚು ಉಪಕಾರವಾಗುವುದು ಈ ಊರುಗಳಿಂದ ಕೆಲಸಕ್ಕೆ ಓಡಾಡುವವರಿಗೆ. ರೈಲ್ವೆಯವರು ಯೋಚಿಸಬೇಕಾದ ಮಾತು ಇದು. ಅಲ್ಲಿಯವರೆಗೆ, ರಾಮಗಿರಿಯ ಕಡೆ ಸೈಕಲ್ ಹತ್ತುವವರು ಎರಡು ಟ್ಯೂಬು, ಹಿತ್ತಾಳೆಯ ಅಡಾಪ್ಟರು ಮತ್ತು ಆ ದಿನದ ಗಾಡಿಗಳ ವೇಳೆ ಜೇಬಿನಲ್ಲಿಟ್ಟುಕೊಂಡು ಹೊರಡಲಿ. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ.